ಮೂರು ಗಂಟೆಗೆ ಮೊದಲೇ ಬರೆದ ಸುದ್ದಿ

ಈಸ್ಟರ್ ಹಬ್ಬದ ಮರುವಾರದ ಭಾನುವಾರ ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ನಾನು ಸೋಲಾಪುರದ ಎಸ್ಟಿ ಬಸ್ ಸ್ಟ್ಯಾಂಡಿನ ಎದುರಿನ ಫೋನ್ ಬೂತಿನಿಂದ ನಮ್ಮ ಪತ್ರಿಕೆಯ ಕಚೇರಿಗೆ ಫೋನ್ ಮಾಡಿ ‘ಆತು’ ಎಂದೆ. ಆಗಬೇಕಾದದ್ದು ಮೂರು ಗಂಟೆಗೆ ಇತ್ತು. ಅದು ಆಗಲಿಲ್ಲ. ಮರುದಿನ ಬೆಳಿಗ್ಗೆ ಮುಖಪುಟದಲ್ಲಿ ಆಗಿದೆ ಎಂದೇ ಅಚ್ಚಾಗಿತ್ತು.

ಇದು ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಪತ್ರಿಕೆಗೆ ಹೊಸದಾಗಿ ಸೇರಿದವರು ಈಗಲೂ ಒಮ್ಮೊಮ್ಮೆ ವಿಜಾಪುರ ರಸ್ತೆಯ ನನ್ನ ಮನೆಗೆ ಬರುತ್ತಾರೆ. ನಿಮ್ಮ ದೊಡ್ಡ ಸುದ್ದಿ ಯಾವುದು ಎಂದು ಕೇಳುತ್ತಾರೆ. ಮಂತ್ರಿಗಳ ಸಭೆ, ಗಿರಣಿ ಮುಚ್ಚಿದ್ದು, ಚುನಾವಣೆ ಎಲ್ಲವನ್ನೂ ಬರೆದಿದ್ದೇನೆ. ಅವು ಯಾವುವೂ ಈಗ ಉಪಯೋಗಕ್ಕೆ ಬರುವುದಿಲ್ಲ. ಉಪಯೋಗಕ್ಕೆ ಬರುವುದು ಈ ಒಂದು ತಪ್ಪು. ಅದಕ್ಕಾಗಿ ಬರೆಯುತ್ತಿದ್ದೇನೆ.

ನಮ್ಮದು ವಿಜಾಪುರದಲ್ಲಿ ಅಚ್ಚಾಗುವ ಸಣ್ಣ ಕನ್ನಡ ದಿನಪತ್ರಿಕೆ. ಸೋಲಾಪುರ, ಅಕ್ಕಲಕೋಟೆ ಭಾಗಕ್ಕೆ ನಾನೊಬ್ಬನೇ ವರದಿಗಾರ. ಪೇಟೆಯ ವ್ಯಾಪಾರಿಗಳು, ಅಕ್ಕಲಕೋಟೆ ಮತ್ತು ದಕ್ಷಿಣ ಸೋಲಾಪುರದ ಹಳ್ಳಿಗಳ ಒಕ್ಕಲುತನದ ಮನೆಗಳವರು ನಮ್ಮ ಓದುಗರು. ಅವರ ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಿದ್ದುದರಿಂದ ಮನೆಯಲ್ಲಿ ಒಬ್ಬ ಹಿರಿಯ ಓದಿ ಉಳಿದವರು ಕೇಳುವುದು ರೂಢಿ. ಸುದ್ದಿಯನ್ನು ಕೈಯಲ್ಲಿ ಬರೆದು, ಫೋಟೋ ಜೊತೆಗಿಟ್ಟು, ಲಕೋಟೆ ಮಾಡಿ ವಿಜಾಪುರ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕು. ಎರಡೂವರೆಯ ಬಸ್ಸಿಗೆ ಕೊಟ್ಟರೆ ಮುಖಪುಟಕ್ಕೆ ಸಿಗುತ್ತಿತ್ತು. ನಾಲ್ಕರ ಬಸ್ಸಿಗೆ ಕೊಟ್ಟರೆ ಒಳಪುಟ.

ಕಾರ್ಯಕ್ರಮಗಳು ಮಾತ್ರ ಬಸ್ಸಿನ ವೇಳೆ ನೋಡಿ ನಡೆಯುವುದಿಲ್ಲ. ಆದ್ದರಿಂದ ನಮ್ಮಲ್ಲಿ ‘ಬಸ್ಸಿಗೆ ಬರೆಯುವುದು’ ಎಂಬ ಪದ್ಧತಿ ಇತ್ತು. ಸಂಜೆ ಆಗುವ ಸಮಾರಂಭವನ್ನು ಮಧ್ಯಾಹ್ನವೇ ‘ನೆರವೇರಿತು’ ಎಂದು ಬರೆದು ಕಳಿಸುವುದು. ಅದಕ್ಕೊಂದು ಕಟ್ಟುಪಾಡೂ ಇತ್ತು. ಸಮಾರಂಭ ಮುಗಿದ ಮೇಲೆ ವರದಿಗಾರ ಫೋನ್ ಮಾಡಿ ‘ಆತು’ ಎನ್ನಬೇಕು. ಆ ಮಾತು ಬರುವ ತನಕ ಸುದ್ದಿ ಪುಟಕ್ಕೆ ಹೋಗುವಂತಿಲ್ಲ. ಈ ಕಟ್ಟುಪಾಡು ಮಾಡಿದವರು ಸುದ್ದಿ ಸಂಪಾದಕರಾದ ದೇಸಾಯರು. ಅವರು ನನಗೆ ಮೊದಲ ದಿನ ಹೇಳಿದ್ದು ಇಷ್ಟೇ: “ಸುಳ್ಳ ಬರದ್ರ ಕ್ಷಮಾ ಅದ. ನೋಡದ ಬರದ್ರ ಇಲ್ಲ.”

ಆ ಭಾನುವಾರದ ಸುದ್ದಿ ಫಾದರ್ ಸಿಲ್ವೆಸ್ಟರ್ ಅವರಿಗೆ ಸಂಬಂಧಿಸಿದ್ದು.

ಫಾದರ್ ಕೊಂಕಣದ ಕಡೆಯ ಕ್ಯಾಥೊಲಿಕ್ ಪಾದ್ರಿ. ನಲವತ್ತು ದಾಟಿದ ಮೇಲೆ ಸೋಲಾಪುರಕ್ಕೆ ಬಂದರು. ಅವರ ಮನೆಮಾತು ಬೇರೆ, ಮರಾಠಿ ಚೆನ್ನಾಗಿತ್ತು. ಕನ್ನಡವನ್ನು ಕಾಯಿಪಲ್ಯ ಮಾರುವ ಹೆಂಗಸರಿಂದ ಕಲಿತಿದ್ದರು. ಹಾಗಾಗಿ ಅವರು ಯಾರೊಡನೆ ಮಾತಾಡಿದರೂ ಚೌಕಾಸಿ ಮಾಡಿದಂತೆ ಕೇಳುತ್ತಿತ್ತು. ಅವರು ಬದುಕನ್ನೆಲ್ಲ ಒಂದೇ ಮಾತಿಗೆ ಕೊಟ್ಟಿದ್ದರು: ದೇವರ ದಯೆ. ಎದೆಯಿಂದ ಕೆಂಪು ಮತ್ತು ಬಿಳಿ ಎರಡು ಕಿರಣ ಹೊರಡುವ ಯೇಸುವಿನ ಚಿತ್ರ ಅವರ ಹಳೆಯ ಸ್ಕೂಟರಿನ ಮುಂಭಾಗಕ್ಕೆ ಅಂಟಿಸಿತ್ತು. ನಿನ್ನನ್ನು ನಂಬಿದ್ದೇನೆ ಎಂಬರ್ಥದ ಒಂದು ಸಾಲು ಅದರ ಕೆಳಗೆ ಮರಾಠಿ, ಕನ್ನಡ ಎರಡರಲ್ಲೂ ಇತ್ತು. ಅದೇ ಚಿತ್ರದ ಸಣ್ಣ ಪ್ರತಿಗಳು ಜೇಬಿನಲ್ಲಿ ಇರುತ್ತಿದ್ದವು. ಕೇಳಿದವರಿಗೆ ಮಾತ್ರ ಕೊಡುತ್ತಿದ್ದರು.

ಮಧ್ಯಾಹ್ನ ಮೂರು ಗಂಟೆ ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ಹೊತ್ತು. ಆ ಹೊತ್ತಿನಲ್ಲಿ ದಯೆಯ ಬಾಗಿಲು ತೆರೆದಿರುತ್ತದೆ ಎಂದು ಅವರ ನಂಬಿಕೆ. ಮೂರು ಗಂಟೆಗೆ ಅವರು ಎಲ್ಲಿದ್ದರೂ ನಿಲ್ಲುತ್ತಿದ್ದರು. ಸಂತೆಯಲ್ಲಿ, ಆಸ್ಪತ್ರೆಯ ಓಣಿಯಲ್ಲಿ, ಪೆಟ್ರೋಲ್ ಪಂಪಿನ ಸಾಲಿನಲ್ಲಿ. ಹತ್ತು ನಿಮಿಷ ಕೈಕಟ್ಟಿ ನಿಂತು, ಬಾಯೊಳಗೇ ಪ್ರಾರ್ಥನೆ ಹೇಳಿ, ಮತ್ತೆ ಹೊರಡುತ್ತಿದ್ದರು. ಊರಿನಲ್ಲಿ ಅವರಿಗೆ ‘ಮೂರರ ಫಾದರ್’ ಎಂದೇ ಹೆಸರು. ಬಸ್ ಡ್ರೈವರ್‌ಗಳು ಅವರನ್ನು ಕಂಡು ಗಡಿಯಾರ ಸರಿಮಾಡಿಕೊಳ್ಳುತ್ತೇವೆ ಎಂದು ನಗುತ್ತಿದ್ದರು. ಒಬ್ಬ ಡ್ರೈವರ್ ಅವರ ಸ್ಕೂಟರ್ ನೋಡಿ, “ಫಾದರ, ನಿಮ್ಮ ದೇವರಿಗೆ ಎರಡ ಲೈಟ ಅದಾವ, ನಿಮ್ಮ ಗಾಡೀಗಿ ಒಂದೂ ಹತ್ತಂಗಿಲ್ಲ ನೋಡ್ರಿ” ಎಂದದ್ದನ್ನು ನಾನೇ ಕೇಳಿದ್ದೇನೆ. “ಅದಕ್ಕs ಅವರನ್ನ ಮುಂದ ಕೂಡಿಸೀನಿ” ಎಂದು ಫಾದರ್ ಉತ್ತರಿಸಿದರು.

ನಾನು ಅವರನ್ನು ಮೊದಲು ಕಂಡದ್ದು ಒಂದು ಫೋನ್ ಕರೆಯಿಂದ. ಪಾದ್ರಿಯೊಬ್ಬ ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳ ಕಿವಿಯಲ್ಲಿ ಏನೋ ಹೇಳಿ ಜಾತಿ ಕೆಡಿಸುತ್ತಿದ್ದಾನೆ, ಬಂದು ಬರೆಯಿರಿ ಎಂದು ಹೆಸರು ಹೇಳದ ಒಬ್ಬರು ತಿಳಿಸಿದರು. ಮೂರು ಶುಕ್ರವಾರ ಹೋಗಿ ವಾರ್ಡಿನ ಮೂಲೆಯಲ್ಲಿ ಕೂತೆ. ಫಾದರ್ ಬಂದು, ಮನೆಯವರು ಯಾರೂ ಇಲ್ಲದ ರೋಗಿಗಳ ಉಗುರು ಕತ್ತರಿಸುತ್ತಿದ್ದರು. ಕತ್ತರಿಸಿದ್ದನ್ನು ಕಾಗದದಲ್ಲಿ ಸುತ್ತಿ ತಮ್ಮ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ನಾನು ಕಂಡದ್ದು ಅಷ್ಟೇ. ಒಬ್ಬ ರೋಗಿಯ ಹೆಸರಿನೊಡನೆ ನಾಲ್ಕು ಸಾಲು ಬರೆದು ಕಳಿಸಿದೆ.

ದೇಸಾಯರು ಫೋನ್ ಮಾಡಿದರು. “ಏನಪಾ, ಉಗರ ಕತ್ತರಿಸೂದು ಸುದ್ದಿ ಆತೇನು?”

“ನಾ ಕಂಡದ್ದು ಅದನ್ರಿ.”

“ಹಂಗಾದ್ರ ಹಾಕ್ತೀನಿ” ಎಂದರು. ಹಾಕಿದರು. ಆಮೇಲೆ ಆ ಫೋನ್ ಮತ್ತೆ ಬರಲಿಲ್ಲ. ಫಾದರ್ ಮಾತ್ರ ನನ್ನನ್ನು ಹುಡುಕಿಕೊಂಡು ಬಂದರು. ಧನ್ಯವಾದ ಹೇಳಲು ಅಲ್ಲ. “ಪತ್ರಕಾರ ಸಾಹೇಬ್ರ, ಆ ರೋಗಿ ಹೆಸರ ಹಾಕಬಾರದಿತ್ತರಿ. ಅವಂಗ ಯಾರೂ ಇಲ್ಲಂತ ಊರಿಗೆಲ್ಲ ಗೊತ್ತಾತು” ಎಂದರು. ಅದು ನಾನು ಗಮನಿಸದ ತಪ್ಪು. ಅಲ್ಲಿಂದ ನಮ್ಮ ಪರಿಚಯ.

ಇನ್ನು ವಳಸಂಗದ ವಿಷಯ. ವಳಸಂಗ ಸೋಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯ ದೊಡ್ಡ ಊರು. ಅಲ್ಲಿನ ಮಹಾನಂದಾಬಾಯಿ ಗಂಡ ತೀರಿದ ಮೇಲೆ ಮೈದುನ ಕಾಶಿನಾಥನ ಜೊತೆ ಹೊಲ ನೋಡಿಕೊಂಡಿದ್ದರು. ಒಬ್ಬನೇ ಮಗ, ಸಿದ್ಧಾರಾಮ. ಸೋಲಾಪುರದ ಚಾದರ ವ್ಯಾಪಾರಿಯ ಅಂಗಡಿಯಲ್ಲಿ ಕೆಲಸ. ದಿನಾ ಮೋಟರ್ ಸೈಕಲ್ ಮೇಲೆ ಹೋಗಿಬರುತ್ತಿದ್ದ. ಒಂದು ಸಂಜೆ ಮಬ್ಬುಗತ್ತಲಿನಲ್ಲಿ, ಊರು ಇನ್ನೇನು ಹತ್ತಿರ ಬಂತು ಎನ್ನುವಾಗ, ದೀಪವಿಲ್ಲದೆ ರಸ್ತೆಯಲ್ಲಿ ನಿಂತಿದ್ದ ಕಬ್ಬಿನ ಟ್ರಾಲಿಗೆ ಡಿಕ್ಕಿ ಹೊಡೆದ. ಟ್ರ್ಯಾಕ್ಟರ್ ಚಾಲಕ ಟ್ರಾಲಿಯ ಕೊಂಡಿ ಬಿಚ್ಚಿ, ಟ್ರ್ಯಾಕ್ಟರ್ ತೆಗೆದುಕೊಂಡು ಓಡಿಹೋದ. ದಾರಿಹೋಕರು ಕಾಣುವಷ್ಟರಲ್ಲಿ ಸುಮಾರು ಒಂದು ಗಂಟೆ ಕಳೆದಿತ್ತು. ಸಿದ್ಧಾರಾಮ ಆಸ್ಪತ್ರೆಯ ಬಾಗಿಲಲ್ಲಿ ತೀರಿಕೊಂಡ. ಆ ಜಾಗದ ಪಕ್ಕದಲ್ಲಿ ಒಂದು ಬೇವಿನ ಗಿಡ ಇದೆ. ಅದರ ಆಚೆ ಮಹಾನಂದಾಬಾಯಿಯವರ ಹೊಲ.

ನಾಲ್ಕು ದಿನದ ಮೇಲೆ ಪೊಲೀಸರು ಕಂದಲಗಾಂವದ ಭೀಮಾಶಂಕರ ಎಂಬ ಚಾಲಕನನ್ನು ಹಿಡಿದರು. ಫಾದರ್ ಬುಧವಾರಗಳಂದು ಜೈಲಿಗೆ ಹೋಗುತ್ತಿದ್ದರು. ಅಲ್ಲಿ ಭೀಮಾಶಂಕರ ಅವರ ಕಾಲು ಹಿಡಿದು, ಆ ತಾಯಿಯ ಕಾಲಿಗೆ ಬೀಳಬೇಕು, ನೀವು ಮಾಡಿಸಿಕೊಡಿ ಎಂದ. ಜಾಮೀನಿನ ಮೇಲೆ ಹೊರಬಂದ ಮೇಲೂ ಬಂದು ಅದನ್ನೇ ಕೇಳಿದ. ಫಾದರ್ ವಳಸಂಗಕ್ಕೆ ಹೋಗಿ ಮಹಾನಂದಾಬಾಯಿಯವರನ್ನು ಕಂಡರು. ಮಗನ ಹೆಸರಿನಲ್ಲಿ ಪ್ರಾರ್ಥನೆ ಮಾಡುತ್ತೇನೆ, ದಯೆಯ ಭಾನುವಾರ ಊಟಕ್ಕೆ ಬನ್ನಿ ಎಂದರು. ಈಸ್ಟರ್ ಆದ ಮರುಭಾನುವಾರ ಅವರ ಪಾಲಿಗೆ ವರ್ಷದ ದೊಡ್ಡ ದಿನ. ಮಗನ ಹೆಸರು ಕೇಳಿ ಆಕೆ ಒಪ್ಪಿದರು. ಭೀಮಾಶಂಕರನೂ ಬರುತ್ತಾನೆ ಎಂಬುದನ್ನು ಫಾದರ್ ಅವರಿಗೆ ಹೇಳಲಿಲ್ಲ. ನನಗೆ ಹೇಳಿದರು.

ನಾನು ಹನ್ನೊಂದೂವರೆಗೆ ಅಕ್ಕಲಕೋಟೆ ರಸ್ತೆಯ ಅವರ ಪ್ರಾರ್ಥನಾ ಮಂದಿರಕ್ಕೆ ಹೋದೆ. ಮಹಾನಂದಾಬಾಯಿ ಗೇಟಿನಲ್ಲಿ ಇಳಿದು, ಎದುರಿಗೆ ಬಂದ ಫಾದರ್‌ಗೆ ಕೈಮುಗಿದರು. ಫಾದರ್ ಪಕ್ಕದಲ್ಲಿ ಒಬ್ಬ ತಲೆತಗ್ಗಿಸಿ ನಿಂತಿದ್ದ. ಅವನೇ ಭೀಮಾಶಂಕರ. ಆಕೆ ಅವನ ಮುಖ ಅದುವರೆಗೆ ಕಂಡಿರಲಿಲ್ಲ. ನಾನು ಫೋಟೋ ತೆಗೆದೆ. ಕಾರ್ಯಕ್ರಮ ಮೂರಕ್ಕೆ, ಊಟ ಆಮೇಲೆ ಎಂದು ಫಾದರ್ ಹೇಳಿದರು. ಅಲ್ಲೇ ಕೂತು ಬರೆದೆ. ‘ಮಗನನ್ನು ಕಳೆದುಕೊಂಡ ತಾಯಿ ಆರೋಪಿ ಚಾಲಕನನ್ನು ಕ್ಷಮಿಸಿದರು. ನೆರೆದವರ ಕಣ್ಣುಗಳು ಹನಿಗೂಡಿದವು.’ ಸ್ಟುಡಿಯೋದಲ್ಲಿ ಫೋಟೋ ತೊಳೆಸಿ, ಎರಡೂವರೆ ಬಸ್ಸಿಗೆ ಲಕೋಟೆ ಕೊಟ್ಟೆ. ಬಿಸಿಲು ಜೋರಾಗಿತ್ತು. ಬೆಳಗಿನಿಂದ ಊಟ ಮಾಡಿರಲಿಲ್ಲ. ಮತ್ತೆ ಅಷ್ಟು ದೂರ ಹೋಗಿ ಬಂದು ಫೋನ್ ಮಾಡುವ ಬದಲು ಬೂತಿಗೆ ಹೋಗಿ ‘ಆತು’ ಎಂದು, ಮನೆಗೆ ಹೋಗಿ ಊಟ ಮಾಡಿ ಮಲಗಿದೆ.

ಮೂರು ಗಂಟೆಗೆ ನಡೆದದ್ದನ್ನು ಫಾದರ್, ಮಹಾನಂದಾಬಾಯಿ, ಭೀಮಾಶಂಕರ ಈ ಮೂವರನ್ನೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಮೂವರ ಮಾತೂ ಹೊಂದುತ್ತದೆ. ಪ್ರಾರ್ಥನೆ ಮುಗಿಸಿದ ಫಾದರ್ ಭೀಮಾಶಂಕರನನ್ನು ಮುಂದಕ್ಕೆ ಕರೆದು, ಇವನು ಯಾರು ಎಂದು ಹೇಳಿದರು. ಅವನು ಕಾಲಿಗೆ ಬೀಳಲು ಬಗ್ಗಿದ. ಆಕೆ ಹಿಂದೆ ಸರಿದರು.

“ಕಾಲ ಮುಟ್ಟಬ್ಯಾಡ. ಒಂದ ಮಾತ ಕೇಳ್ತೀನಿ. ನನ್ನ ಮಗ ನೀರ ಕೇಳಿದನೇನು?”

ಅವನು ಹೂಂ ಎಂದ.

“ನಿನ್ನ ಗಾಡ್ಯಾಗ ನೀರ ಇತ್ತೇನು?”

ಅದಕ್ಕೂ ಹೂಂ ಎಂದ.

ಆಕೆ ಊಟದ ತಟ್ಟೆ ಮುಟ್ಟದೆ ಹೊರಗೆ ನಡೆದು, ರಸ್ತೆಯಲ್ಲಿ ಸಿಕ್ಕ ಜೀಪು ಹತ್ತಿ ಊರಿಗೆ ಹೋದರು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಫಾದರ್ ಪತ್ರಿಕೆ ಹಿಡಿದು ನನ್ನ ಮನೆಯ ಮುಂದೆ ನಿಂತಿದ್ದರು. ಕೋಪ ಮಾಡಲಿಲ್ಲ. “ಇದು ಆಗಿಲ್ಲರಿ ಸಾಹೇಬ್ರ” ಎಂದರು. ನಡೆದದ್ದನ್ನು ಹೇಳಿದರು. ಆಮೇಲೆ, “ನಡೀರಿ, ಹಿಂದ ಕೂಡ್ರಿ” ಎಂದರು. ಅವರ ಸ್ಕೂಟರ್ ಮೇಲೆ ವಳಸಂಗಕ್ಕೆ ಹೊರಟೆವು.

ನಾವು ಮುಟ್ಟುವ ಮೊದಲೇ ಪತ್ರಿಕೆ ಮುಟ್ಟಿತ್ತು. ಮಹಾನಂದಾಬಾಯಿ ಜೋಳ ಬೀಸಿಸಲು ಹಿಟ್ಟಿನ ಗಿರಣಿಗೆ ಹೋಗಿದ್ದರಂತೆ. ಗಿರಣಿಯವನು ಎಲ್ಲರಿಗೂ ಕೇಳುವಂತೆ ಓದಿ, “ಮಹಾನಂದಕ್ಕಾ, ದೊಡ್ಡ ಮನಸ ಮಾಡಿದಿ ಬಿಡು” ಎಂದನಂತೆ. ಸಾಲಿನಲ್ಲಿದ್ದ ಇನ್ನೊಬ್ಬರು, “ಮನಸ ದೊಡ್ಡದೋ ಗಂಟ ದೊಡ್ಡದೋ ಯಾರಿಗಿ ಗೊತ್ತು” ಎಂದರಂತೆ. ಆಕೆ ಹಿಟ್ಟಿನ ಡಬ್ಬಿ ಅಲ್ಲೇ ಬಿಟ್ಟು ಬಂದಿದ್ದರು.

ಕಾಶಿನಾಥ ಬಾಗಿಲಲ್ಲೇ ನಮ್ಮನ್ನು ತಡೆದ. “ಏನ ಉಳದದಂತ ಬಂದೀರಿ? ಮುಂಜಾನಿಂದ ಭಾವಕಿ ದಾಯಾದಿ ಮಂದಿ ಬಂದ ಕೇಳಾಕತ್ತಾರ, ವಹಿನಿ ಎಷ್ಟ ತೊಗೊಂಡಾಳ ಅಂತ. ನಾಳಿ ಕೋರ್ಟಿನಾಗ ಅವನ ವಕೀಲ ಇದs ಪೇಪರ ತೋರಸ್ತಾನ. ತಾಯಿನs ಬಿಟ್ಟಾಳ, ನಿಮಗೇನು ಅಂತಾನ.”

“ಅವರನ್ನ ಒಳಗ ಬಿಡು ಕಾಶಿನಾಥ” ಎಂದು ಒಳಗಿನಿಂದ ದನಿ ಬಂತು.

ಮಹಾನಂದಾಬಾಯಿ ಕಂಬಕ್ಕೆ ಒರಗಿ ಕೂತಿದ್ದರು. ಪತ್ರಿಕೆ ಎದುರಿಗೆ ಹರವಿತ್ತು. ಆಕೆಗೆ ಓದಲು ಬರುತ್ತಿರಲಿಲ್ಲ. ಬೆರಳನ್ನು ಫೋಟೋದಲ್ಲಿದ್ದ ತಮ್ಮ ಕೈಗಳ ಮೇಲೆ ಇಟ್ಟಿದ್ದರು.

“ಇವ ಅಂವನs ಅಂತ ನನಗ ಗೊತ್ತಿತ್ತೇನ್ರಿ? ನಾ ನಿಮಗ ಕೈ ಮುಗದೀನಿ ಫಾದರ. ನೋಡಿದವರು ಏನಂತಾರ? ಮಗನ್ನ ಕೊಂದವನಿಗಿ ಕೈ ಮುಗದಾಳ ಅಂತಾರ.”

ಫಾದರ್ ನೆಲದ ಮೇಲೆ ಕೂತರು. “ಅವ್ವಾ, ನಿಮಗ ನಾ ಮೊದಲs ಹೇಳಬೇಕಿತ್ತು. ಹೇಳಿದ್ರ ನೀವು ಬರಾಂಗಿಲ್ಲ ಅಂತ ಹೇಳಲಿಲ್ಲ. ಚುಕಿ ನಂದು, ತಪ್ಪ ನಂದು.”

“ದಯಾ ಅಂದ್ರ ಮೋಸ ಮಾಡಿ ಇಸ್ಕೊಳ್ಳೂದೇನ್ರಿ ಫಾದರ?”

ಆಕೆ ನನ್ನ ಕಡೆ ತಿರುಗಿದರು. “ನೀ ಅಲ್ಲಿ ಇದ್ದೇನಪಾ?”

“ಇರಲಿಲ್ಲವ್ವಾ.”

“ಮತ್ತ ಯಾರ ಕಣ್ಣಾಗ ನೀರ ಬಂತಂತ ಬರದಿ?”

ನನ್ನ ವೃತ್ತಿಯಲ್ಲಿ ನನ್ನನ್ನು ಯಾರೂ ಅಷ್ಟು ನೇರವಾಗಿ ಕೇಳಿರಲಿಲ್ಲ. ತಿದ್ದುಪಡಿ ಹಾಕುತ್ತೇವೆ ಎಂದೆ. ಎಲ್ಲಿ ಎಂದು ಕೇಳಿದರು. ನಮ್ಮಲ್ಲಿ ತಿದ್ದುಪಡಿ ಬರುತ್ತಿದ್ದುದು ನಾಲ್ಕನೇ ಪುಟದಲ್ಲಿ, ಪೇಟೆ ಧಾರಣೆಯ ಕೆಳಗೆ. ಅದನ್ನೇ ಹೇಳಿದೆ.

“ಎಲ್ಲಿ ಹೊಡದೀಯೋ ಅಲ್ಲೇ ಸವರು. ಮುಂದಿನ ಹಾಳ್ಯಾಗ ಹೊಡದಿ, ಹಿಂದಿನ ಹಾಳ್ಯಾಗ ಸವರತೀನಂದ್ರ ಹೆಂಗ? ಮಾಫಿ ಕೊಡೂದು ಬಿಡೂದು ನನ್ನ ಹಂತೇಲಿ ಇದ್ದದ್ದು ಅದೊಂದs. ಮಗ ಹ್ವಾದ, ಅದೊಂದು ಉಳದಿತ್ತು. ಅದನ್ನೂ ನೀವಿಬ್ಬರು ನನ್ನ ಕೇಳದs ಕೊಟ್ಟ ಬಂದ್ರಿ.”

ಅಲ್ಲಿಂದಲೇ ಬಸ್ ನಿಲ್ದಾಣದ ಹತ್ತಿರದ ಬೂತಿಗೆ ಹೋಗಿ ದೇಸಾಯರಿಗೆ ಫೋನ್ ಮಾಡಿದೆ. ನಡೆದದ್ದನ್ನು ಬಿಡದೆ ಹೇಳಿದೆ.

“ಎಷ್ಟಕ್ಕ ‘ಆತು’ ಅಂದಿ?”

“ಎರಡೂ ನಲವತ್ತಕ್ಕರಿ.”

“ಕಾರ್ಯಕ್ರಮ?”

“ಮೂರಕ್ಕರಿ.”

“ಬರಕೋ” ಎಂದರು. ತಿದ್ದುಪಡಿಗೆ ಆ ಕಾಲದಲ್ಲಿ ಒಂದು ಸಿದ್ಧ ಮಾತಿತ್ತು, ‘ಕಣ್ತಪ್ಪಿನಿಂದ’. ಅಭ್ಯಾಸದಿಂದ ನಾನು ಅದನ್ನೇ ಮೊದಲು ಬರೆದು, ಓದಿ ಹೇಳಿದೆ. “ಅದನ್ನ ಹೊಡದಹಾಕು” ಎಂದರು ದೇಸಾಯರು. “ಕಣ್ತಪ್ಪಲ್ಲ ಅದು. ನಿನ್ನ ಕಣ್ಣ ಅಲ್ಲಿ ಇದ್ದs ಇಲ್ಲ.”

ಮಂಗಳವಾರ ಮುಖಪುಟದಲ್ಲಿ, ಆ ಫೋಟೋ ಬಂದಿದ್ದ ಜಾಗದಲ್ಲೇ, ಚೌಕಟ್ಟಿನಲ್ಲಿ ಹೀಗೆ ಬಂತು: ‘ನಿನ್ನೆ ಈ ಜಾಗದಲ್ಲಿ ಪ್ರಕಟವಾದ ಸುದ್ದಿ ಸುಳ್ಳು. ವಳಸಂಗದ ಮಹಾನಂದಾಬಾಯಿ ಯಾರನ್ನೂ ಕ್ಷಮಿಸಿಲ್ಲ. ಯಾರಿಂದಲೂ ಏನನ್ನೂ ಪಡೆದಿಲ್ಲ. ಚಿತ್ರದಲ್ಲಿ ಅವರು ಕೈಮುಗಿದಿರುವುದು ಪಾದ್ರಿಯವರಿಗೆ. ಪಕ್ಕದಲ್ಲಿ ನಿಂತವರು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಪಾದ್ರಿಯವರು ತಿಳಿಸಿರಲಿಲ್ಲ. ನಮ್ಮ ವರದಿಗಾರ ಸ್ಥಳದಲ್ಲಿ ಇರದೆ ಬರೆದಿದ್ದಾರೆ.’ ಕೆಳಗೆ ನನ್ನ ಹೆಸರು. ಪಾದ್ರಿಯವರು ತಿಳಿಸಿರಲಿಲ್ಲ ಎಂಬ ಮಾತನ್ನು ಸೇರಿಸಲು ಒತ್ತಾಯಿಸಿದವರು ಫಾದರ್ ಅವರೇ. ಅದಕ್ಕಾಗಿ ಅವರು ತಮ್ಮ ಮೇಲಿನವರಿಗೆ ವಿವರಣೆ ಕೊಡಬೇಕಾಯಿತು ಎಂದು ಆಮೇಲೆ ಬೇರೆಯವರಿಂದ ತಿಳಿಯಿತು.

ಅಷ್ಟಕ್ಕೆ ಮುಗಿಯಲಿಲ್ಲ. ಮಂಗಳವಾರ ಬೆಳಿಗ್ಗೆ ಪತ್ರಿಕೆ ಹಿಡಿದು ವಳಸಂಗಕ್ಕೆ ಹೋದ ನನ್ನನ್ನು ಮಹಾನಂದಾಬಾಯಿ ಗಿರಣಿಗೆ ಕರೆದುಕೊಂಡು ಹೋದರು. “ಅಂವ ಓದೂದು ಬ್ಯಾಡ. ಬರದವನs ಓದಲಿ” ಎಂದರು. ಗಿರಣಿಯವನು ಯಂತ್ರ ನಿಲ್ಲಿಸಿದ. ನಾನು ನಿಂತು ಓದಿದೆ. ಸಾಲಿನಲ್ಲಿ ಏಳೆಂಟು ಹೆಂಗಸರು ಇದ್ದರು. ಕೊನೆಯ ಎರಡು ವಾಕ್ಯಗಳನ್ನು ಇನ್ನೊಮ್ಮೆ ಓದು ಎಂದು ಮಹಾನಂದಾಬಾಯಿ ಹೇಳಿದರು. ಓದಿದೆ. ಆಕೆ ಹಿಂದಿನ ದಿನ ಬಿಟ್ಟುಹೋಗಿದ್ದ ಡಬ್ಬಿ ಎತ್ತಿಕೊಂಡು ಮನೆಗೆ ಹೋದರು.

ಭೀಮಾಶಂಕರ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ. ನೀರು ಕೇಳಿದ್ದು, ಕೊಡದೆ ಓಡಿದ್ದು, ಎರಡನ್ನೂ ಯಾರೂ ಕೇಳದೆ ತಾನೇ ಹೇಳಿದ. ಜನ ಬಂದು ಹೊಡೆಯುತ್ತಾರೆಂದು ಹೆದರಿದೆ ಎಂದ. ಶಿಕ್ಷೆ ಅನುಭವಿಸಿ ಕಂದಲಗಾಂವಕ್ಕೆ ಮರಳಿದ. ಮತ್ತೆ ಟ್ರ್ಯಾಕ್ಟರ್ ನಡೆಸಲಿಲ್ಲ.

ಫಾದರ್ ತಮ್ಮ ಕೆಲಸದ ರೀತಿ ಬದಲಿಸಿದರು. ದಯೆಯ ಭಾನುವಾರ ಕ್ಯಾಮರಾ ತರುವಂತಿಲ್ಲ ಎಂದರು. ಇಬ್ಬರನ್ನು ಒಂದೆಡೆ ಕೂಡಿಸಿ ಕೈ ಹಿಡಿಸುವ ಕೆಲಸವನ್ನು ಪೂರ್ತಿ ಬಿಟ್ಟರು. ಪ್ರತಿ ವರ್ಷ ಆ ದಿನ ಉಪದೇಶಕ್ಕೆ ಮೊದಲು, ವಳಸಂಗದ ಒಬ್ಬ ತಾಯಿಗೆ ತಾವು ಮಾಡಿದ ತಪ್ಪನ್ನು, ಆಕೆಯ ಹೆಸರು ಹೇಳದೆ, ಹೇಳುತ್ತಿದ್ದರು. ಮತ್ತು ಪ್ರತಿ ಶುಕ್ರವಾರ ಮೂರು ಗಂಟೆಗೆ ಆ ಬೇವಿನ ಗಿಡದ ಹತ್ತಿರ ಸ್ಕೂಟರ್ ನಿಲ್ಲಿಸಿ, ಹತ್ತು ನಿಮಿಷ ನಿಲ್ಲತೊಡಗಿದರು. ಮನೆಗೆ ಬರಬೇಡಿ ಎಂದು ಮಹಾನಂದಾಬಾಯಿ ಹೇಳಿದ್ದರು. ಅವರು ಹೋಗಲಿಲ್ಲ. ರಸ್ತೆಯಲ್ಲಿ ನಿಂತು ಹೋಗುತ್ತಿದ್ದರು. ಆಕೆ ಹೊಲದಲ್ಲಿ ಇದ್ದರೆ ತಲೆ ಎತ್ತಿ ನೋಡುತ್ತಿರಲಿಲ್ಲ.

ಎರಡು ಬೇಸಿಗೆ ಹೀಗೆ ಕಳೆದವು. ಮೂರನೇ ಬೇಸಿಗೆಯ ಒಂದು ಶುಕ್ರವಾರ ಫಾದರ್ ನನಗೆ ಫೋನ್ ಮಾಡಿದರು. ಬೇವಿನ ಬುಡದಲ್ಲಿ ಒಂದು ತಾಮ್ರದ ತಂಬಿಗೆ ನೀರು ಇಟ್ಟಿತ್ತು ಎಂದರು. “ಬರೀಬ್ಯಾಡ್ರಿ ಮತ್ತ” ಎಂದರು. ಬರೆಯಲಿಲ್ಲ. ಆ ದಿನದಿಂದ ಫಾದರ್ ಬರುವ ಶುಕ್ರವಾರ ತಂಬಿಗೆ ಇರುತ್ತಿತ್ತು.

ನಡುವೆ ನಮ್ಮ ಕೆಲಸದ ರೀತಿಯೂ ಬದಲಾಯಿತು. ಲಕೋಟೆ ಹೋಗಿ ಫ್ಯಾಕ್ಸ್ ಬಂತು, ಫ್ಯಾಕ್ಸ್ ಹೋಗಿ ಕಂಪ್ಯೂಟರ್, ಆಮೇಲೆ ಮೊಬೈಲ್. ಬಸ್ಸಿಗೆ ಬರೆಯುವ ಅಗತ್ಯ ಇಲ್ಲವಾಯಿತು. ಆದರೂ ಆಗುವ ಮೊದಲೇ ಬರೆಯುವುದು ನಿಂತಿಲ್ಲ. ಫಾದರ್ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಾಗ ನಾನು ನಿವೃತ್ತನಾಗಿದ್ದೆ. ಒಂದು ಸಂಜೆ ಮೊಬೈಲಿಗೆ ಹೂವಿನ ಚೌಕಟ್ಟಿನಲ್ಲಿ ಅವರ ಫೋಟೋ ಬಂತು, ‘ಭಾವಪೂರ್ಣ ಶ್ರದ್ಧಾಂಜಲಿ’. ಕಳಿಸಿದವರು ನನಗೆ ಪರಿಚಯದ ಯುವ ವರದಿಗಾರರು. ನಾನು ಆಸ್ಪತ್ರೆಗೆ ಫೋನ್ ಮಾಡಿದೆ. ದಾದಿ ಫೋನನ್ನು ಫಾದರ್ ಕೈಗೇ ಕೊಟ್ಟಳು.

“ಏನ್ರಿ ಸಾಹೇಬ್ರ” ಎಂದರು, ಉಸಿರು ಎಳೆದುಕೊಂಡು. “ನನ್ನೂ ಬಸ್ಸಿಗೆ ಬರದ್ರೇನು?”

ಅವರ ನಗು ನಾನು ಕೇಳಿದ್ದು ಅದೇ ಕೊನೆ. ಮೂರು ದಿನದ ಮೇಲೆ ತೀರಿಕೊಂಡರು. ಸರಿಯಾಗಿ ಮೂರು ಗಂಟೆಗೆ ಪ್ರಾಣ ಬಿಟ್ಟರು ಎಂದು ಊರೆಲ್ಲ ಹೇಳಿತು, ಎರಡು ಮೂರು ಪತ್ರಿಕೆಗಳಲ್ಲಿಯೂ ಬಂತು. ನಾನು ವಾರ್ಡಿನ ವೈದ್ಯರನ್ನು ಕೇಳಿದೆ. ಬೆಳಿಗ್ಗೆ ಹನ್ನೊಂದು ಹತ್ತು. ನನ್ನ ಹಳೆಯ ಪತ್ರಿಕೆಗೆ ನಾನು ಬರೆದುಕೊಟ್ಟ ನಾಲ್ಕು ಸಾಲಿನಲ್ಲಿ ಹನ್ನೊಂದು ಹತ್ತು ಎಂದೇ ಇದೆ.

ಅವರ ದಫನದ ದಿನ ಮಹಾನಂದಾಬಾಯಿ ಬಂದಿದ್ದರು. ಭೀಮಾಶಂಕರನೂ ಬಂದಿದ್ದ. ಆಕೆ ಗೇಟಿನ ಬಲಕ್ಕೆ, ಅವನು ಎಡಕ್ಕೆ ನಿಂತಿದ್ದರು. ಮಾತಾಡಲಿಲ್ಲ.

ಅದಾದ ಮುಂದಿನ ಶುಕ್ರವಾರದಿಂದ ಭೀಮಾಶಂಕರ ಬೇವಿನ ಗಿಡದ ಹತ್ತಿರ ಬಂದು ನಿಲ್ಲತೊಡಗಿದ. ಕಂದಲಗಾಂವದಿಂದ ಸೋಲಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ವಳಸಂಗಕ್ಕೆ ಇನ್ನೊಂದು. ಮೂರು ಗಂಟೆಗೆ ಬಂದು ಹತ್ತು ನಿಮಿಷ ನಿಂತು ಹೋಗುತ್ತಿದ್ದ. ಫಾದರ್ ಹೇಳುತ್ತಿದ್ದ ಪ್ರಾರ್ಥನೆ ಅವನಿಗೆ ಬರುವುದಿಲ್ಲ. ಸುಮ್ಮನೆ ನಿಲ್ಲುತ್ತೇನೆ ಎಂದ. ತಂಬಿಗೆ ಇರುತ್ತಿರಲಿಲ್ಲ. ಮಳೆಗಾಲ, ಚಳಿಗಾಲ ಕಳೆದವು. ಇರಲಿಲ್ಲ.

ಈ ಬೇಸಿಗೆಯಲ್ಲಿ ಅವನಿಂದ ನನಗೆ ಫೋನ್ ಬಂತು.

“ಸಾಹೇಬ್ರ, ಇವತ್ತ ತಂಬಿಗಿ ಇಟ್ಟಾರ್ರಿ.”

“ಕುಡದೇನು?”

“ಇಲ್ರಿ. ನನಗ ಇಟ್ಟಾರೋ, ಫಾದರನ ನೆನಪಿಗಿ ಇಟ್ಟಾರೋ ತಿಳೀವಲ್ದು. ಮುಟ್ಟಾಕ ಧೈರ್ಯ ಆಗಲಿಲ್ರಿ. ನೀವು ಒಂದ ಮಾತ ಕೇಳ್ರಿ ಅವರನ್ನ.”

ಮರುದಿನ ವಳಸಂಗಕ್ಕೆ ಹೋದೆ. ಮಹಾನಂದಾಬಾಯಿಯವರಿಗೆ ಈಗ ಕಣ್ಣು ಮಂಜು, ನಡಿಗೆ ನಿಧಾನ. ಕಾಶಿನಾಥ ಚಹಾ ತರಿಸಿದ. ಬಂದ ಕಾರಣ ಹೇಳಿದೆ. ಆಕೆ ಸೆರಗಿನ ಅಂಚು ತಿಕ್ಕುತ್ತ ಹೇಳಿದರು.

“ನಿಂತವರಿಗಿ ನೀರಡಿಕಿ ಆಗ್ತದ. ಬಿಸಲ ಎಷ್ಟದ ನೋಡು.”

“ಅಂವ ಕುಡೀಬಹುದೇನ್ರಿ ಅವ್ವಾ?”

“ತಂಬಿಗಿ ಮ್ಯಾಲೆ ನಾ ಯಾರ ಹೆಸರೂ ಬರದಿಲ್ಲ.”

ನಾನು ಈ ಬರಹ ಬರೆಯುತ್ತಿರುವ ಸಂಗತಿ ತಿಳಿಸಿ, ಬರೆಯಲು ಅನುಮತಿ ಕೇಳಿದೆ. ಆಕೆ ಬರಿ ಎಂದರು. ಮತ್ತೆ ಕೇಳಿದೆ, “ಕ್ಷಮಾ ಮಾಡ್ಯಾರ ಅಂತ ಬರೀಲೇನ್ರಿ?”

“ಅಯ್ಯ, ಒಂದ್ಸಲ ಬರದ ಬಡಿಸ್ಕೊಂಡಿ, ಬುದ್ಧಿ ಬರಲಿಲ್ಲೇನು ನಿನಗ?” ಎಂದು ಆಕೆ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು. “ಆಗದ್ದು ಬರೀಬ್ಯಾಡ. ನೀರ ಇಟ್ಟಾಳ ಅಂತ ಬರಿ. ಅಷ್ಟ ಆಗ್ಯದ.”

ಆಕೆಯ ಮಾತನ್ನು ಭೀಮಾಶಂಕರನಿಗೆ ಇದ್ದ ಹಾಗೆ ತಿಳಿಸಿದೆ. ಅದರ ಮುಂದಿನ ಶುಕ್ರವಾರ ನಾನು ಮೂರಕ್ಕೆ ಕಾಲು ಗಂಟೆ ಮೊದಲೇ ಹೋಗಿ ರಸ್ತೆಯ ಆಚೆ ಬದಿ ನಿಂತೆ. ತಂಬಿಗೆ ಬೇವಿನ ಬುಡದಲ್ಲಿತ್ತು. ಎರಡು ಗಂಟೆ ಐವತ್ತೈದು ನಿಮಿಷಕ್ಕೆ ಭೀಮಾಶಂಕರ ಬಸ್ಸಿನಿಂದ ಇಳಿದ. ಮೂರರಿಂದ ಮೂರು ಹತ್ತರ ತನಕ ನಿಂತ. ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ಎರಡೂ ಕೈಯಿಂದ ತಂಬಿಗೆ ಎತ್ತಿ ಕುಡಿದ. ಖಾಲಿ ತಂಬಿಗೆಯನ್ನು ಬೋರಲು ಹಾಕಿ, ಇದ್ದ ಜಾಗದಲ್ಲೇ ಇಟ್ಟ.